ಸಿದ್ಧವಾದಾಗ ಬರುತ್ತದೆ

2010ರ ಸೆಪ್ಟೆಂಬರ್. ಗಣೇಶ ಚತುರ್ಥಿಗೆ ಎರಡೇ ದಿನ ಉಳಿದಿತ್ತು. ನಾನು ಪುಣೆಗೆ ಬಂದು ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಶುಕ್ರವಾರ ರಾತ್ರಿ ಸ್ವಾರಗೇಟ್‌ನಿಂದ ಹುಬ್ಬಳ್ಳಿಗೆ ಹೊರಡುವ ಬಸ್ಸಿಗೆ ಹದಿನೈದು ದಿನ ಮೊದಲೇ ಟಿಕೆಟ್ ತೆಗೆಸಿಟ್ಟಿದ್ದೆ. ಅವ್ವ ಫೋನಿನಲ್ಲಿ ಕಡುಬಿನ ಲೆಕ್ಕ ಹೇಳುತ್ತಿದ್ದಳು.

ಗುರುವಾರ ಸಂಜೆ ಆಫೀಸಿನಲ್ಲಿ ಒಂದು ಸಣ್ಣ ಕೆಲಸ ಬಂತು. ನಮ್ಮದೊಂದು ಸರ್ವರ್ ಡೆಬಿಯನ್ ಲಿನಕ್ಸ್‌ನ 'ಲೆನ್ನಿ' ಆವೃತ್ತಿಯ ಮೇಲೆ ಓಡುತ್ತಿತ್ತು. ಅದರಲ್ಲಿದ್ದದ್ದು ಪಿಎಚ್‌ಪಿ 5.2. ಪ್ರೋಗ್ರಾಮರ್‌ಗಳಿಗೆ 5.3 ಬೇಕಿತ್ತು. ಡೆಬಿಯನ್‌ನ ಮುಂದಿನ ಆವೃತ್ತಿಯಲ್ಲಿ 5.3 ಇತ್ತು, ಆದರೆ ಆ ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ, 'ಟೆಸ್ಟಿಂಗ್' ಎಂಬ ಹಂತದಲ್ಲಿತ್ತು. ತಂತ್ರಾಂಶ ಎಲ್ಲಿಂದ ಇಳಿಸಿಕೊಳ್ಳಬೇಕು ಎಂದು ಸರ್ವರ್‌ಗೆ ಹೇಳುವ ಫೈಲಿನಲ್ಲಿ ನಾನು ಆ ಟೆಸ್ಟಿಂಗ್‌ನ ಒಂದು ಸಾಲು ಸೇರಿಸಿದೆ. ಒಂದೇ ಸಾಲು. ಪಿಎಚ್‌ಪಿ ಕೇಳಿದೆ. ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು, ಇಷ್ಟೆಲ್ಲ ಬದಲಾಗಲಿದೆ, ಮುಂದುವರಿಯಲೇ ಎಂದು ಕೇಳಿತು. ನಾನು ಪಟ್ಟಿ ಓದಲಿಲ್ಲ. ವೈ ಒತ್ತಿದೆ.

ಹೊಸ ಪಿಎಚ್‌ಪಿಗೆ ಹೊಸ ಲೈಬ್ರರಿಗಳು ಬೇಕಿದ್ದವು. ಆ ಲೈಬ್ರರಿಗಳು ಬೇರೆ ಏನನ್ನೋ ಎಳೆದವು. ಡೇಟಾಬೇಸ್ ಕೂಡ 5.0ರಿಂದ 5.1ಕ್ಕೆ ಹೋಯಿತು. ಅರ್ಧ ಗಂಟೆಯಲ್ಲಿ ಲೆಕ್ಕಪತ್ರ ವಿಭಾಗದವರ ಪುಟಗಳ ತುಂಬ ಎಚ್ಚರಿಕೆಯ ಸಾಲುಗಳು: ಹಳೆಯ ಕೋಡ್ ಬಳಸುತ್ತಿದ್ದ ಕೆಲವು ಫಂಕ್ಷನ್‌ಗಳನ್ನು 5.3ರಲ್ಲಿ ನಿವೃತ್ತಿಯ ಪಟ್ಟಿಗೆ ಸೇರಿಸಿದ್ದರು. ಹಿಂದಕ್ಕೆ ಹೋಗೋಣವೆಂದರೆ, ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ. ಬ್ಯಾಕಪ್‌ನಿಂದ ಇಡೀ ಸರ್ವರ್ ಮತ್ತೆ ಕಟ್ಟಬೇಕಾಯಿತು. ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಸ್ಸು ಹೊರಟಾಗ ನಾನು ಸರ್ವರ್ ಕೋಣೆಯ ತಣ್ಣನೆಯ ಗಾಳಿಯಲ್ಲಿ ಕೂತಿದ್ದೆ.

ನನ್ನ ಜೊತೆ ಕೂತವರು ಒಬ್ಬ ಹಿರಿಯ ಸಹೋದ್ಯೋಗಿ, ಸೊಲ್ಲಾಪುರದ ಕನ್ನಡಿಗರು. ಬೈಯಲಿಲ್ಲ. ಬೆಳಗಿನ ಜಾವ ಚಹಾ ತಂದು ಕೊಟ್ಟು ಹೇಳಿದರು: "ತಮ್ಮಾ, ಸ್ಟೇಬಲ್ ಅಂದ್ರ ಕೆಡೂದಿಲ್ಲ ಅಂತ ತಿಳಕೊಂಡಿದ್ದಿಯೇನು? ಸ್ಟೇಬಲ್ ಅಂದ್ರ ಬದಲಾಗೂದಿಲ್ಲ ಅಂತ. ನೀ ಬದಲು ಮಾಡಿದಿ, ಅದು ಕೆಟ್ತು."

ಆ ಮಾತಿನ ಬೆನ್ನು ಹತ್ತಿ ನಾನು ಡೆಬಿಯನ್‌ನ ಚರಿತ್ರೆ ಓದತೊಡಗಿದೆ. ಹದಿನೈದು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಬಹಳ ಜನ ಇದೇ ಕಸುಬಿನಲ್ಲಿದ್ದೇವೆ, ದಿನಕ್ಕೆರಡು ಸಲ 'ಅಪ್‌ಡೇಟ್ ಸಿದ್ಧವಿದೆ' ಎಂಬ ಚೀಟಿಯನ್ನು ಪಕ್ಕಕ್ಕೆ ತಳ್ಳುತ್ತೇವೆ. ಆ ಚೀಟಿಯ ಹಿಂದೆ ಒಂದು ಹಳೆಯ ಜಗಳವಿದೆ: ಒಂದು ತಂತ್ರಾಂಶ ಸಿದ್ಧವಾಗಿದೆ ಎಂದು ಹೇಳುವವರು ಯಾರು, ಕ್ಯಾಲೆಂಡರೋ ಅಥವಾ ಕೆಲಸ ಮಾಡಿದವರೋ?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಲಿನಕ್ಸ್ ಎಂದು ನಾವು ಕರೆಯುವುದು ನಿಜವಾಗಿ ಕರ್ನೆಲ್, ಅಂದರೆ ಯಂತ್ರದ ಜೊತೆ ನೇರ ಮಾತಾಡುವ ತಿರುಳು. ಬಳಸಲು ಬರುವ ವ್ಯವಸ್ಥೆಯಾಗಬೇಕಾದರೆ ಅದರ ಮೇಲೆ ಸಾವಿರಾರು ತಂತ್ರಾಂಶಗಳು ಬೇಕು. ಅವನ್ನು ಬರೆಯುವವರು ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿದ್ದಾರೆ, ಪರಸ್ಪರ ಪರಿಚಯವಿಲ್ಲದವರು, ತಮ್ಮ ತಮ್ಮ ವೇಗದಲ್ಲಿ ಹೊಸ ಆವೃತ್ತಿ ಹೊರತರುವವರು. ಅವೆಲ್ಲವನ್ನೂ ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ ಜನರ ಕೈಗೆ ಕೊಡುವುದನ್ನು ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ನಮ್ಮ ಊರ ಮದುವೆಯ ಅಡುಗೆ ನೆನೆಸಿಕೊಳ್ಳಿ. ಹೋಳಿಗೆ ಒಬ್ಬರು, ಪಲ್ಯ ಒಬ್ಬರು, ಸಾರು ಇನ್ನೊಬ್ಬರು. ಎಲ್ಲ ಸೇರಿ ಒಂದೇ ಹೊತ್ತಿಗೆ ಪಂಕ್ತಿಗೆ ಬರಬೇಕು. ಪಂಕ್ತಿ ಎಷ್ಟು ಹೊತ್ತಿಗೆ ಎಂದು ಹೇಳುವ ಮನುಷ್ಯನಿಗೆ ಅಡುಗೆ ಮಾಡುವವನಿಗಿಂತ ಹೆಚ್ಚು ತಲೆನೋವು.

1993ರಲ್ಲಿ ಆ ತಲೆನೋವನ್ನು ತಾನಾಗಿ ತಲೆಗೆ ಕಟ್ಟಿಕೊಂಡವನು ಇಯಾನ್ ಮರ್ಡಾಕ್, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆಗ ಪ್ರಚಾರದಲ್ಲಿದ್ದ ಎಸ್‌ಎಲ್‌ಎಸ್ ಎಂಬ ಡಿಸ್ಟ್ರಿಬ್ಯೂಷನ್ ದೋಷಗಳಿಂದ ತುಂಬಿತ್ತು, ಸರಿಪಡಿಸುವವರು ಇರಲಿಲ್ಲ. ಆಗಸ್ಟ್ 16ರಂದು ಮರ್ಡಾಕ್ ತನ್ನದೊಂದನ್ನು ಘೋಷಿಸಿದ. ಹೆಸರು ಡೆಬಿಯನ್: ಆಗ ಅವನ ಗೆಳತಿಯಾಗಿದ್ದ ಡೆಬ್ರಾ, ಮತ್ತು ಇಯಾನ್. ಪ್ರತಿ ಪ್ಯಾಕೇಜಿಗೂ ಹೊಣೆ ಹೊರುವ ಒಬ್ಬ ಮನುಷ್ಯ ಇರಬೇಕು, ಕೆಲಸವೆಲ್ಲ ಬಹಿರಂಗವಾಗಿ ನಡೆಯಬೇಕು ಎಂಬುದು ಅಲ್ಲಿಂದ ಬೆಳೆದ ಪದ್ಧತಿ. ಸಂಬಳವಿಲ್ಲ. ಹೊಣೆ ಮಾತ್ರ ಇದೆ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1995ರಲ್ಲಿ. ಆಗ ಇಂಟರ್ನೆಟ್ ನಿಧಾನ, ಜನ ಲಿನಕ್ಸನ್ನು ಸಿಡಿಯಲ್ಲಿ ಕೊಳ್ಳುತ್ತಿದ್ದರು. ಡೆಬಿಯನ್ 1.0 ಇನ್ನೂ ತಯಾರಾಗುತ್ತಿದ್ದಾಗ, ಇನ್ಫೋಮ್ಯಾಜಿಕ್ ಎಂಬ ಸಿಡಿ ಮಾರಾಟಗಾರರು ಅರ್ಧಂಬರ್ಧ ಬೆಂದದ್ದನ್ನೇ ನಕಲು ಮಾಡಿ '1.0' ಎಂದು ಹೆಸರಿಟ್ಟು ಮಾರಿಬಿಟ್ಟರು. ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಸೇರಿ, ಇದು ನಿಜವಾದ ಬಿಡುಗಡೆಯಲ್ಲ ಎಂದು ಪ್ರಕಟಣೆ ಕೊಡಬೇಕಾಯಿತು. ಹಾಳಾದ ಆ ಸಂಖ್ಯೆಯನ್ನು ಡೆಬಿಯನ್ ಮತ್ತೆ ಮುಟ್ಟಲಿಲ್ಲ. 1996ರ ಜೂನ್‌ನಲ್ಲಿ ನೇರವಾಗಿ 1.1 ಬಂತು. ಡೆಬಿಯನ್‌ನ ಚರಿತ್ರೆಯಲ್ಲಿ 1.0 ಎಂಬುದೇ ಇಲ್ಲ.

ಆ 1.1ಕ್ಕೆ 'ಬಜ್' ಎಂದು ಹೆಸರಿತ್ತು. ಆಗ ಯೋಜನೆಯ ನಾಯಕನಾಗಿದ್ದ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಕಂಪನಿಯಲ್ಲಿ ಕೆಲಸಕ್ಕಿದ್ದ, ಆ ಕಂಪನಿಯ 'ಟಾಯ್ ಸ್ಟೋರಿ' ಸಿನಿಮಾ ಹಿಂದಿನ ವರ್ಷವಷ್ಟೇ ತೆರೆಕಂಡಿತ್ತು. ಅಂದಿನಿಂದ ಡೆಬಿಯನ್‌ನ ಎಲ್ಲ ಆವೃತ್ತಿಗಳಿಗೂ ಆ ಸಿನಿಮಾ ಸರಣಿಯ ಪಾತ್ರಗಳ ಹೆಸರು. ಬೇಯುತ್ತಿರುವಾಗ ಆಟಿಕೆಯ ಹೆಸರು, ಬಡಿಸುವ ದಿನವೇ ಸಂಖ್ಯೆ ಎಂಬ ರೂಢಿ ಬಂದರೆ, ತಯಾರಾಗದ್ದನ್ನು ಯಾರೂ ತಯಾರಾದದ್ದೆಂದು ತಿಳಿಯಲಾರರು. ಸದಾ ಬದಲಾಗುತ್ತಿರುವ, ಎಂದೂ ಬಿಡುಗಡೆಯಾಗದ 'ಅನ್‌ಸ್ಟೇಬಲ್' ವಿಭಾಗಕ್ಕೆ 'ಸಿಡ್' ಎಂದು ಹೆಸರು. ಸಿನಿಮಾದಲ್ಲಿ ಸಿಡ್ ಪಕ್ಕದ ಮನೆಯ ಹುಡುಗ, ಆಟಿಕೆಗಳನ್ನು ಮುರಿದು ಹಾಕುವವನು.

ಬಜ್‌ನಲ್ಲಿ 474 ಪ್ಯಾಕೇಜುಗಳಿದ್ದವು. ಅವುಗಳ ನಡುವಿನ ಸಂಬಂಧ ನೋಡಿಕೊಳ್ಳುವುದಕ್ಕೆ ಡಿಪಿಕೆಜಿ ಎಂಬ ಸಲಕರಣೆ ಇತ್ತು: ಇದನ್ನು ಹಾಕಬೇಕಾದರೆ ಅದು ಇರಬೇಕು, ಅದಿದ್ದರೆ ಇನ್ನೊಂದು ಇರಕೂಡದು ಎಂಬ ಲೆಕ್ಕ. ಆದರೆ ಬೇಕಾದದ್ದನ್ನು ಹುಡುಕಿ ತರುವ ಕೆಲಸ ಬಳಕೆದಾರನದ್ದೇ. 1999ರ ಮಾರ್ಚ್‌ನಲ್ಲಿ ಬಂದ 2.1, ಅಂದರೆ 'ಸ್ಲಿಂಕ್', ತನ್ನ ಜೊತೆ ಎಪಿಟಿ ಎಂಬುದನ್ನು ತಂದಿತು. ಏನು ಬೇಕು ಎಂದಷ್ಟೇ ಹೇಳಿದರೆ ಸಾಕು, ಅದರ ಹಿಂದುಮುಂದಿನದ್ದನ್ನೆಲ್ಲ ಅದೇ ಲೆಕ್ಕ ಹಾಕಿ, ನೆಟ್‌ನಿಂದ ಇಳಿಸಿ ಹಾಕುತ್ತಿತ್ತು. ಡಿಸ್ಕ್ ಅಳಿಸದೆ, ಕಂಪ್ಯೂಟರನ್ನು ಮತ್ತೆ ಮೊದಲಿನಿಂದ ಕಟ್ಟದೆ, ಓಡುತ್ತಿರುವ ವ್ಯವಸ್ಥೆಯನ್ನು ಒಂದು ಆವೃತ್ತಿಯಿಂದ ಮುಂದಿನದಕ್ಕೆ ಒಯ್ಯುವುದು ಸಾಮಾನ್ಯ ಜನರಿಗೂ ಸಾಧ್ಯವಾಯಿತು. ಇಂದು ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳುವವರಿಗೆ ಇದು ವಿಶೇಷವೆನಿಸದು. ಆಗ ವಿಶೇಷವೇ ಆಗಿತ್ತು.

ಸುಲಭವಾದಷ್ಟೂ ಪ್ಯಾಕೇಜುಗಳು ಹೆಚ್ಚಾದವು, ಹೆಚ್ಚಾದಷ್ಟೂ ಬಿಡುಗಡೆ ತಡವಾಯಿತು. ಸಿಡ್‌ನಲ್ಲಿ ಪ್ರತಿದಿನ ಏನಾದರೊಂದು ಮುರಿದಿರುತ್ತಿತ್ತು, ಅದನ್ನು ಒಂದು ದಿನ ತಡೆದು ನಿಲ್ಲಿಸಿ ಎಲ್ಲವನ್ನೂ ಒಟ್ಟಿಗೆ ಸರಿಪಡಿಸುವುದು ವರ್ಷಗಟ್ಟಲೆ ಹಿಡಿಯುತ್ತಿತ್ತು. 2000ದ ಕೊನೆಗೆ ಡೆಬಿಯನ್ ಇವೆರಡರ ನಡುವೆ ಒಂದು ಮೆಟ್ಟಿಲು ಕಟ್ಟಿತು. ಅದೇ ನನ್ನನ್ನು ಮುಂದೊಂದು ದಿನ ಬೀಳಿಸಿದ 'ಟೆಸ್ಟಿಂಗ್'. ಹೊಸ ಪ್ಯಾಕೇಜು ಮೊದಲು ಸಿಡ್‌ಗೆ ಬರುತ್ತದೆ. ಅಲ್ಲಿ ಅದರ ತುರ್ತಿಗೆ ತಕ್ಕಂತೆ ಹತ್ತು, ಐದು ಅಥವಾ ಎರಡು ದಿನ ಕೂತಿರಬೇಕು. ಆ ಅವಧಿಯಲ್ಲಿ ಯಾರೂ ಹೊಸದಾಗಿ ಗಂಭೀರ ದೋಷ ವರದಿ ಮಾಡಿರಬಾರದು, ಅದು ನೆಚ್ಚಿಕೊಂಡಿರುವ ಬೇರೆ ಪ್ಯಾಕೇಜುಗಳೂ ಸರಿಯಿರಬೇಕು. ಆಮೇಲೆ ಒಂದು ಪ್ರೋಗ್ರಾಂ ತಾನಾಗಿಯೇ ಅದನ್ನು ಟೆಸ್ಟಿಂಗ್‌ಗೆ ದಾಟಿಸುತ್ತದೆ. ಬಿಡುಗಡೆ ಹತ್ತಿರ ಬಂದಾಗ ಟೆಸ್ಟಿಂಗನ್ನು 'ಫ್ರೀಜ್' ಮಾಡುತ್ತಾರೆ. ಹೊಸ ಭಕ್ಷ್ಯ ಇನ್ನು ಒಲೆಗೆ ಏರುವಂತಿಲ್ಲ, ಉಪ್ಪು ಹುಳಿ ಸರಿಮಾಡುವುದಷ್ಟೇ. ಬಿಡುಗಡೆಯನ್ನು ತಡೆಯುವಷ್ಟು ದೊಡ್ಡ ದೋಷಗಳೆಲ್ಲ ಸರಿಯಾದ ದಿನ ಅದೇ 'ಸ್ಟೇಬಲ್' ಆಗುತ್ತದೆ.

ಯಾವ ದಿನ? ಅದಕ್ಕೆ ಡೆಬಿಯನ್‌ನವರ ಉತ್ತರ ಜಗತ್ಪ್ರಸಿದ್ಧ: ಸಿದ್ಧವಾದಾಗ.

ಈ ಉತ್ತರದ ಬೆಲೆ 'ಸಾರ್ಜ್' ಕಾಲಕ್ಕೆ ಗೊತ್ತಾಯಿತು. 2002ರ ಜುಲೈನಲ್ಲಿ 'ವುಡಿ' ಬಂದ ಮೇಲೆ ಸಾರ್ಜ್‌ಗಾಗಿ ಜನ ಕಾದರು. ಇನ್‌ಸ್ಟಾಲರನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದರು. 2003ರ ನವೆಂಬರ್‌ನಲ್ಲಿ ಯಾರೋ ಡೆಬಿಯನ್‌ನ ಸರ್ವರ್‌ಗಳಿಗೇ ನುಗ್ಗಿದರು. ಹನ್ನೊಂದು ಬಗೆಯ ಪ್ರೊಸೆಸರ್‌ಗಳಿಗೆ ಎಲ್ಲವೂ ಹೊಂದಬೇಕಿತ್ತು. ಕೊನೆಗೆ 2005ರ ಜೂನ್ 6ರಂದು, ಸುಮಾರು ಮೂರು ವರ್ಷ ಕಾದ ಮೇಲೆ, ಹದಿನೈದು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳೊಂದಿಗೆ ಸಾರ್ಜ್ ಬಂತು. ಅಷ್ಟರಲ್ಲಿ ವುಡಿ ಬಳಸುತ್ತಿದ್ದವರ ಕಂಪ್ಯೂಟರಿನಲ್ಲಿ ಎಲ್ಲವೂ ಹಳತಾಗಿತ್ತು. ಸ್ಟೇಬಲ್ ಎಂದರೆ ಹಳಸಲು ಎಂಬ ಗೇಲಿ ಹುಟ್ಟಿಕೊಂಡಿತ್ತು.

ಅದೇ ಹೊತ್ತಿಗೆ ಕರ್ನೆಲ್ ಬರೆಯುವವರಿಗೂ ಇದೇ ಕಾಯಿಲೆ. ಅವರಲ್ಲಿ ಸರಿಸಂಖ್ಯೆ ಬಳಕೆಗೆ, ಬೆಸಸಂಖ್ಯೆ ಪ್ರಯೋಗಕ್ಕೆ ಎಂಬ ಪದ್ಧತಿಯಿತ್ತು. 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ನಡುವೆ ಕಾಯಲಾರದ ಕಂಪನಿಗಳು ಪ್ರಯೋಗದ 2.5ರಿಂದ ತಮಗೆ ಬೇಕಾದ್ದನ್ನು ಕಿತ್ತು ಹಳೆಯ 2.4ಕ್ಕೆ ಹೊಲಿಯುತ್ತಿದ್ದವು, ಒಬ್ಬರ ಕರ್ನೆಲ್‌ನಂತೆ ಇನ್ನೊಬ್ಬರದ್ದು ಇರಲಿಲ್ಲ. ಲಿನಸ್ ಟೊರ್ವಾಲ್ಡ್ಸ್ ಮತ್ತು ಸಂಗಡಿಗರು ಆ ಪದ್ಧತಿಯನ್ನೇ ಕೈಬಿಟ್ಟರು. 2005ರಿಂದ ಇರುವ ಕ್ರಮ ಸರಳ. ಎರಡು ವಾರ ಹೊಸದನ್ನು ಒಳಗೆ ಬಿಡುತ್ತಾರೆ, ನಂತರ ಏಳೆಂಟು ವಾರ ಬರೀ ರಿಪೇರಿ, ಒಂಬತ್ತು ಹತ್ತು ವಾರಕ್ಕೊಂದು ಕರ್ನೆಲ್. ಈ ವೇಗ ಸಾಧ್ಯವಾಗಿರುವುದು ಒಂದು ಕಟ್ಟುನಿಟ್ಟಿನ ನಿಯಮದಿಂದ: ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಹೊಸ ಕರ್ನೆಲ್‌ನಿಂದಾಗಿ ಇಂದು ನಿಂತರೆ ತಪ್ಪು ಕರ್ನೆಲ್‌ನದ್ದು, ಪ್ರೋಗ್ರಾಂ ಬರೆದವರದ್ದಲ್ಲ.

ಕ್ಯಾಲೆಂಡರ್ ಹಿಡಿದು ಹೊರಟವರಲ್ಲಿ ಹೆಚ್ಚು ಹೆಸರಾದದ್ದು ಉಬುಂಟು. ಹಾಗೆಂದು ಅವರೇ ಮೊದಲಿಗರಲ್ಲ. ಓಪನ್‌ಬಿಎಸ್‌ಡಿ 1996ರಿಂದಲೇ ಆರು ತಿಂಗಳಿಗೊಂದು ಆವೃತ್ತಿ ಬಿಡುತ್ತಾ ಬಂದಿತ್ತು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್, ತಾನೂ ಹಿಂದೆ ಡೆಬಿಯನ್‌ಗೆ ಕೆಲಸ ಮಾಡಿದ್ದವನು, 2004ರ ಅಕ್ಟೋಬರ್‌ನಲ್ಲಿ ಉಬುಂಟು 4.10 ಹೊರತಂದ. ಸಂಖ್ಯೆಯೇ ತಾರೀಖು: 2004, ಹತ್ತನೆಯ ತಿಂಗಳು. ಡೆಬಿಯನ್‌ನ ಸಿಡ್‌ನಿಂದ ಪ್ಯಾಕೇಜುಗಳನ್ನು ತೆಗೆದುಕೊಂಡು, ಆಯ್ದ ಕೆಲವನ್ನು ಚೊಕ್ಕ ಮಾಡಿ, ಆರು ತಿಂಗಳಿಗೊಮ್ಮೆ ತಪ್ಪದೆ ಕೊಡುವುದು ಅವನ ಯೋಜನೆ. ಒಂದು ತಂತ್ರಾಂಶ ಈ ಸಲ ಸಿದ್ಧವಿಲ್ಲದಿದ್ದರೆ ಅದು ಮುಂದಿನ ಬಸ್ಸು ಹಿಡಿಯಲಿ, ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಹೊರಡಲಿ.

ನನಗೂ ಲಿನಕ್ಸ್ ಬಂದದ್ದು ಆ ಬಸ್ಸಿನಲ್ಲೇ. ಉಬುಂಟು ಆಗ ಕೇಳಿದವರಿಗೆಲ್ಲ ಸಿಡಿಗಳನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿತ್ತು. ಹುಬ್ಬಳ್ಳಿಯ ನಮ್ಮ ಎಂಜಿನಿಯರಿಂಗ್ ಹಾಸ್ಟೆಲ್ಲಿಗೆ ಬಂದ ಆ ರಟ್ಟಿನ ಲಕೋಟೆಗಾಗಿ ವಾರಗಟ್ಟಲೆ ಪೋಸ್ಟ್‌ಮನ್ ದಾರಿ ಕಾದಿದ್ದೇವೆ. ವಿದೇಶದಿಂದ ನನ್ನ ಹೆಸರಿಗೆ ಬಂದ ಮೊದಲ ವಸ್ತು ಅದು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಕೊಟ್ಟು ಕೂಡುತ್ತಿದ್ದ ನಮಗೆ ಇಡೀ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳುವ ಯೋಚನೆಯೇ ಇರಲಿಲ್ಲ.

ಆ ಉಬುಂಟುವೂ ಒಮ್ಮೆ ತಾರೀಖು ತಪ್ಪಿಸಿತು. ಐದು ವರ್ಷ ಸರ್ವರ್‌ಗಳಲ್ಲಿ ಬೆಂಬಲ ಕೊಡುತ್ತೇವೆಂದು ಮಾತು ಕೊಟ್ಟ ಮೊದಲ ದೀರ್ಘಾವಧಿ ಆವೃತ್ತಿ 2006ರ ಏಪ್ರಿಲ್‌ಗೆ ಬರಬೇಕಿತ್ತು. ಇನ್ನಷ್ಟು ಹದ ಮಾಡಬೇಕೆಂದು ಜೂನ್‌ಗೆ ಹೋಯಿತು, ಸಂಖ್ಯೆ 6.06 ಆಯಿತು. ಹೆಚ್ಚು ಕಾಲದ ಮಾತು ಕೊಡುವಾಗ ಕ್ಯಾಲೆಂಡರ್‌ನವರೂ ಕಾದರು. ಇತ್ತ ಡೆಬಿಯನ್‌ನವರು ಕ್ಯಾಲೆಂಡರಿನಿಂದ ಒಂದು ಪಾಠ ಕಲಿತರು. ಫ್ರೀಜ್ ಯಾವಾಗ ಎಂಬುದನ್ನು ಮೊದಲೇ ಹೇಳುವುದು, ಬಿಡುಗಡೆ ಮಾತ್ರ ಸಿದ್ಧವಾದಾಗಲೇ ಎಂಬ ನಡುದಾರಿಗೆ ಬಂದರು. ಪರಿಣಾಮ ನೋಡಿ. ಸಾರ್ಜ್‌ನ ನಂತರ ಎಚ್ 2007ರಲ್ಲಿ, ಲೆನ್ನಿ 2009ರಲ್ಲಿ, ಸ್ಕ್ವೀಜ್ 2011ರಲ್ಲಿ, ಹೀಗೆ 2013, 2015, 2017, 2019, 2021, 2023, 2025. ಎರಡು ವರ್ಷಕ್ಕೊಂದು, ಒಂದೂ ತಪ್ಪಿಲ್ಲ. ಸುಮಾರು ಸಾವಿರ ಮಂದಿ ಸ್ವಯಂಸೇವಕರ ಗುಂಪಿಗೆ ಇದು ಸಣ್ಣ ಮಾತಲ್ಲ. 2017ರ 'ಸ್ಟ್ರೆಚ್' ಆವೃತ್ತಿಯನ್ನು ಅವರು ಇಯಾನ್ ಮರ್ಡಾಕ್‌ನ ನೆನಪಿಗೆ ಅರ್ಪಿಸಿದರು. ಅವನು 2015ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದ.

ಬಿಡುಗಡೆಯಾದ ಮೇಲಿನ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಬದಲಾಗುವುದಿಲ್ಲ ಎಂದು ಮಾತು ಕೊಟ್ಟ ಆವೃತ್ತಿಯಲ್ಲಿ ಸುರಕ್ಷತೆಯ ದೋಷ ಸಿಕ್ಕರೆ ಏನು ಮಾಡಬೇಕು? ಹೊಸ ಆವೃತ್ತಿ ಹಾಕಿದರೆ ಅದರ ಜೊತೆ ಹೊಸ ನಡವಳಿಕೆಗಳೂ ಬರುತ್ತವೆ, ನನ್ನ ಪಿಎಚ್‌ಪಿಯ ಕತೆಯಾಗುತ್ತದೆ. ಹಾಗಾಗಿ ಹೊಸ ಕೋಡಿನಿಂದ ಆ ರಿಪೇರಿಯ ನಾಲ್ಕು ಸಾಲುಗಳನ್ನಷ್ಟೇ ಬಿಡಿಸಿ ತಂದು ಹಳೆಯದಕ್ಕೆ ಕೂಡಿಸುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಎನ್ನುತ್ತಾರೆ. 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ವೆಬ್‌ಸೈಟುಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯೇ ಸರ್ವರಿನ ನೆನಪಿನ ಚೂರುಗಳನ್ನು ಹೊರಗೆ ಚೆಲ್ಲುತ್ತಿತ್ತು. ಡೆಬಿಯನ್‌ನ ಆಗಿನ ಸ್ಟೇಬಲ್‌ನಲ್ಲಿದ್ದದ್ದು 1.0.1ಇ, ದೋಷವಿದ್ದದ್ದು. ರಿಪೇರಿಯಾದ ಮೇಲೂ ಅದು 1.0.1ಇ ಎಂದೇ ಉಳಿಯಿತು, ಹಿಂದಿನ ಬಾಲದ ಅಂಕಿ ಮಾತ್ರ ಬದಲು. ಆವೃತ್ತಿಯ ಸಂಖ್ಯೆ ನೋಡಿ ಗಾಬರಿಬಿದ್ದ ನಮ್ಮ ಆಡಿಟರ್‌ಗೆ ಇದನ್ನು ತಿಳಿಸಿ ಹೇಳುವುದರಲ್ಲಿ ನನಗೆ ಎರಡು ದಿನ ಹೋಯಿತು. ತಮಾಷೆಯೆಂದರೆ ಅದಕ್ಕೂ ಹಿಂದಿನ ಸ್ಕ್ವೀಜ್‌ನಲ್ಲಿದ್ದ 0.9.8ಕ್ಕೆ ಈ ಕಾಯಿಲೆ ತಗುಲಿಯೇ ಇರಲಿಲ್ಲ. ದೋಷ ಹುಟ್ಟಿದ್ದೇ ಹೊಸ ಸೌಲಭ್ಯದ ಜೊತೆಗೆ.

ಇಷ್ಟು ಹೇಳಿ ನಿಲ್ಲಿಸಿದರೆ ಡೆಬಿಯನ್‌ನ ಸ್ತುತಿಯಾದೀತು. ಅವರ ದೊಡ್ಡ ತಪ್ಪನ್ನೂ ಹೇಳಬೇಕು. 2006ರಲ್ಲಿ ಅದೇ ಓಪನ್‌ಎಸ್‌ಎಸ್‌ಎಲ್‌ನ ಡೆಬಿಯನ್ ಪ್ಯಾಕೇಜಿನಲ್ಲಿ, ವಾಲ್‌ಗ್ರಿಂಡ್ ಎಂಬ ಪರೀಕ್ಷಾ ಸಲಕರಣೆ ಎಚ್ಚರಿಕೆ ಕೊಡುತ್ತಿತ್ತೆಂದು, ಕೋಡಿನ ಸಣ್ಣದೊಂದು ಭಾಗವನ್ನು ತೆಗೆದುಹಾಕಿದರು. ತೆಗೆಯುವ ಮೊದಲು ಮೂಲ ಲೇಖಕರ ಬಳಿ ವಿಚಾರಿಸಿದ್ದೂ ಉಂಟು. ಆದರೆ ಆ ಭಾಗವೇ ಗುಪ್ತ ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುತ್ತಿತ್ತು. ಅದು ಹೋದ ಮೇಲೆ ಉಳಿದ ವೈವಿಧ್ಯ ಪ್ರಕ್ರಿಯೆಯ ಕ್ರಮಸಂಖ್ಯೆ ಒಂದೇ, ಅದಕ್ಕಿರುವ ಬೆಲೆಗಳು 32,768. ಅಷ್ಟೂ ಕೀಲಿಗಳನ್ನು ಯಾರು ಬೇಕಾದರೂ ಮೊದಲೇ ಮಾಡಿಟ್ಟುಕೊಳ್ಳಬಹುದಿತ್ತು. ಈ ತಪ್ಪು ಸಿಡ್ ದಾಟಿತು, ಟೆಸ್ಟಿಂಗ್ ದಾಟಿತು, 2007ರಲ್ಲಿ ಸ್ಟೇಬಲ್ ಆಗಿ ಬಿಡುಗಡೆಯಾಯಿತು, ಉಬುಂಟುವಿಗೂ ಹೋಯಿತು. ಡೆಬಿಯನ್‌ನವರೇ ಆದ ಲುಸಿಯಾನೊ ಬೆಲ್ಲೊ ಅದನ್ನು ಕಂಡುಹಿಡಿದು, 2008ರ ಮೇ 13ರಂದು ಪ್ರಕಟವಾಗುವ ಹೊತ್ತಿಗೆ ಒಂದೂವರೆ ವರ್ಷ ಮೀರಿತ್ತು. ಅಪ್‌ಡೇಟ್ ಹಾಕಿದರೆ ಮುಗಿಯುವಂತಿರಲಿಲ್ಲ, ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಿತ್ತು. ಎಷ್ಟು ದಿನ ಕಾಯಿಸಿದರೇನು, ಕಾಯುವಾಗ ಯಾರೂ ಒಳಗೆ ಇಣುಕದಿದ್ದರೆ?

ಕೊಟ್ಟ ಮಾತನ್ನು ಹಿಂತೆಗೆದುಕೊಂಡ ಉದಾಹರಣೆಯೂ ಇದೆ. ಸೆಂಟ್‌ಓಎಸ್ ಎಂಬುದು ರೆಡ್ ಹ್ಯಾಟ್‌ನ ದುಬಾರಿ ಲಿನಕ್ಸ್‌ನ ಪುಕ್ಕಟೆ ಪ್ರತಿರೂಪ, ನಮ್ಮ ಎಷ್ಟೋ ಕಂಪನಿ, ಕಾಲೇಜುಗಳ ಬೆನ್ನೆಲುಬಾಗಿತ್ತು. ಅದರ ಎಂಟನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆಯೆಂದು ಜನ ನಂಬಿದ್ದರು. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2021ರ ಕೊನೆಗೇ ಮುಗಿಯುತ್ತದೆ. ಕೋವಿಡ್ ಕಾಲದಲ್ಲಿ ಮನೆಯಿಂದ ಕೂತು ಸರ್ವರ್ ಸಾಗಿಸಿದವರಲ್ಲಿ ನಾನೂ ಒಬ್ಬ. ಕೋಡ್ ಮುಕ್ತವಾಗಿದ್ದರಿಂದಲೇ ರಾಕಿ, ಆಲ್ಮಾ ಎಂಬ ಎರಡು ಹೊಸ ಗುಂಪುಗಳು ಅದರ ಜಾಗ ತುಂಬಿದವು. ಮುಕ್ತ ತಂತ್ರಾಂಶದಲ್ಲಿ ಕೋಡನ್ನು ಯಾರೂ ಕಸಿದುಕೊಳ್ಳಲಾರರು. ಬೆಂಬಲ ಕೊಡುತ್ತೇವೆಂಬ ಮಾತು ಮಾತ್ರ ಅದನ್ನು ಆಡಿದವರ ಕೈಯಲ್ಲಿರುತ್ತದೆ.

ಈ ಎಲ್ಲ ಮೆಟ್ಟಿಲುಗಳ ಬೆಲೆ ನನಗೆ ಪೂರ್ತಿ ತಿಳಿದದ್ದು 2024ರ ಮಾರ್ಚ್ 29ರಂದು. ಎಕ್ಸ್‌ಜೆಡ್ ಎಂಬುದು ಫೈಲುಗಳನ್ನು ಹಿಂಡಿ ಸಣ್ಣದಾಗಿಸುವ ಪುಟ್ಟ ತಂತ್ರಾಂಶ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಬಿಡುವಿನ ಹೊತ್ತಿನಲ್ಲಿ, ದಣಿದಿದ್ದವರು. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡಿದರು, ನಂಬಿಕೆ ಗಳಿಸಿದರು, ಬಿಡುಗಡೆ ಮಾಡುವ ಅಧಿಕಾರ ಪಡೆದರು. 2024ರ ಫೆಬ್ರವರಿಯಲ್ಲಿ ಬಂದ 5.6.0ರಲ್ಲಿ ಒಂದು ಕಳ್ಳಬಾಗಿಲು ಬಚ್ಚಿಟ್ಟಿದ್ದರು. ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಗೆ ನುಗ್ಗುವ ಬಾಗಿಲು.

ಅದು ಸಿಡ್‌ಗೆ ಬಂತು, ಟೆಸ್ಟಿಂಗ್‌ಗೂ ದಾಟಿತು. ಆಂಡ್ರೆಸ್ ಫ್ರೊಯಿಂಡ್ ಎಂಬ ಡೇಟಾಬೇಸ್ ಎಂಜಿನಿಯರ್ ತನ್ನ ಸಿಡ್ ಯಂತ್ರದಲ್ಲಿ ವೇಗ ಅಳೆಯುವ ಬೇರೆಯೇ ಕೆಲಸದಲ್ಲಿದ್ದ. ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎನಿಸಿತು. ಕೆಲವು ವಾರಗಳ ಹಿಂದೆ ವಾಲ್‌ಗ್ರಿಂಡ್ ಕೊಟ್ಟಿದ್ದ ವಿಚಿತ್ರ ಎಚ್ಚರಿಕೆ ನೆನಪಾಯಿತು. ಹೌದು, 2006ರ ಅದೇ ವಾಲ್‌ಗ್ರಿಂಡ್. ಆಗ ಎಚ್ಚರಿಕೆಯನ್ನು ಸುಮ್ಮನಾಗಿಸಲು ಹೋಗಿ ಎಡವಿದ್ದರು, ಈತ ಅದರ ಬೆನ್ನು ಹತ್ತಿದ. ಅಗೆದು ನೋಡಿದರೆ ಕಳ್ಳಬಾಗಿಲು. ಆಗಿನ ಸ್ಟೇಬಲ್ ಆದ 'ಬುಕ್‌ವರ್ಮ್'ನಲ್ಲಿದ್ದದ್ದು ಹಳೆಯ 5.4. ಜಗತ್ತಿನ ಡೆಬಿಯನ್ ಸರ್ವರ್‌ಗಳ ಬಹುಭಾಗ ಇರುವ ಮೆಟ್ಟಿಲಿಗೆ ವಿಷ ತಲುಪಿರಲಿಲ್ಲ.

ಆ ಶುಕ್ರವಾರ ರಾತ್ರಿ ಸುದ್ದಿ ಓದಿದಾಗ ನಾನು ಮೊದಲು ನೋಡಿದ್ದು ನಮ್ಮ ಸರ್ವರ್‌ಗಳ ಎಕ್ಸ್‌ಜೆಡ್ ಆವೃತ್ತಿ. ಎಲ್ಲವೂ 5.4 ಅಥವಾ ಅದಕ್ಕಿಂತ ಹಳತು. 2010ರ ಹುಡುಗ ಇನ್ನೂ ನನ್ನೊಳಗಿದ್ದು, ಯಾವುದೋ ಹೊಸ ಸೌಲಭ್ಯಕ್ಕಾಗಿ ಆ ಒಂದು ಸಾಲನ್ನು ಸೇರಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಹಾಗೆಂದು ಸಿಡ್ ಬಳಸುವವರನ್ನು ಹೀಗಳೆಯುವಂತಿಲ್ಲ. ಫ್ರೊಯಿಂಡ್ ಸಿಡ್ ಮೇಲೆ ಕೂತಿದ್ದರಿಂದಲೇ ಇದು ಸಿಕ್ಕಿತು. ಎಲ್ಲರೂ ಸ್ಟೇಬಲ್‌ನಲ್ಲೇ ಕೂತಿದ್ದರೆ ಕಳ್ಳಬಾಗಿಲೂ ಅವರ ಜೊತೆ ಒಂದು ದಿನ ಸ್ಟೇಬಲ್ ಆಗುತ್ತಿತ್ತು. ಮೊದಲು ಮೂಸಿ ನೋಡುವವರು ಮುಂದೆ ಇರುವುದರಿಂದ ಉಳಿದವರ ಕಾಯುವಿಕೆಗೆ ಅರ್ಥ ಬರುತ್ತದೆ.

ನಮ್ಮ ಕನ್ನಡವೂ ಈ ಮೆಟ್ಟಿಲು ಹತ್ತಿಯೇ ಬರುತ್ತದೆ. ಡೆಬಿಯನ್‌ನಲ್ಲಿ 'ಗುಬ್ಬಿ', 'ನವಿಲು' ಎಂಬ ಎರಡು ಕನ್ನಡ ಅಕ್ಷರಗಳ ಪ್ಯಾಕೇಜುಗಳಿವೆ. ಹತ್ತಾರು ಸಾವಿರ ಪ್ಯಾಕೇಜುಗಳ ನಡುವೆ ಅವೂ ಸಿಡ್‌ನಲ್ಲಿ ಕೂತು, ಟೆಸ್ಟಿಂಗ್ ದಾಟಿ, ಫ್ರೀಜ್ ಕಳೆದು ಬರುತ್ತವೆ. ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಈ ಲೇಖನ ಬೆರಳಚ್ಚಿಸುತ್ತಿರುವುದು ಗುಬ್ಬಿಯಲ್ಲಿ. ಅದರ ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ನನ್ನ ಮುಂಚೆ ಯಾರೋ ನೋಡಿದ್ದಾರೆ.

2025ರ ಆಗಸ್ಟ್ 9ರಂದು ಡೆಬಿಯನ್ 13, 'ಟ್ರಿಕ್ಸಿ' ಬಂತು. 474ರಿಂದ ಶುರುವಾದದ್ದು ಈಗ ಸುಮಾರು 69,800 ಪ್ಯಾಕೇಜು. ನಮ್ಮ ತಂಡಕ್ಕೆ ಈ ವರ್ಷ ಸೇರಿದ ಹುಡುಗಿ, ಕಲಬುರಗಿಯವಳು, ಸೋಮವಾರವೇ ಬಂದು ಕೇಳಿದಳು: "ಸರ್, ಈ ವೀಕೆಂಡ್ ಅಪ್‌ಗ್ರೇಡ್ ಮಾಡೋಣ್ರಿ? ಎಲ್ಲಾ ರೆಡಿ ಅದ."

ಬಿಡುಗಡೆಯ ಟಿಪ್ಪಣಿಯನ್ನು ಇಬ್ಬರೂ ಮೊದಲಿನಿಂದ ಕೊನೆಯವರೆಗೆ ಓದೋಣ ಎಂದೆ. ಓದಿದೆವು. ನಮಗೆ ತೊಡಕಾಗಬಹುದಾದ ಮೂರು ಜಾಗಗಳನ್ನು ಅವಳೇ ಗುರುತಿಸಿದಳು. ಅವಸರವೇನೂ ಇರಲಿಲ್ಲ, ಹಳೆಯ ಬುಕ್‌ವರ್ಮ್‌ಗೆ ಇನ್ನೂ ಸುರಕ್ಷತೆಯ ರಿಪೇರಿಗಳು ಬರುತ್ತಲೇ ಇರುತ್ತವೆ. ಮೊದಲ ತಿದ್ದುಪಡಿ ಆವೃತ್ತಿ 13.1 ಬರಲಿ, ಅಷ್ಟರೊಳಗೆ ಒಂದು ಪ್ರತಿಯ ಮೇಲೆ ಪ್ರಯೋಗ ಮಾಡಿ ನೋಡೋಣ ಎಂದು ತೀರ್ಮಾನಿಸಿದೆವು. 13.1 ಬಂದದ್ದು ಸೆಪ್ಟೆಂಬರ್ 6ರಂದು. ಈ ಸಲ ಗಣೇಶ ಚತುರ್ಥಿ ಆಗಸ್ಟ್ 27ಕ್ಕಿತ್ತು.

26ರ ಸಂಜೆ ಅವಳು ಕಲಬುರಗಿಯ ರೈಲು ಹಿಡಿದಳು. ನಾನು ಹುಬ್ಬಳ್ಳಿ ಬಸ್ಸು ಹತ್ತಿದೆ. ಅವ್ವನಿಗೆ ಈಗ ಕೈಲಾಗುವುದಿಲ್ಲ, ಕಡುಬು ಕಡಿಮೆ ಮಾಡಿದ್ದಳು.